ಬೀರುವಿನಲ್ಲಿರುವ ಮದುವೆಗಳು

ಕಳವಾರ, ಚಿಕ್ಕಬಳ್ಳಾಪುರ ತಾಲ್ಲೂಕು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಫೋಟೋ ಸ್ಟುಡಿಯೋ ಮಾಲೀಕರಿಗೆ, ವಿಡಿಯೋ ತೆಗೆಯುವವರಿಗೆ, ಎಡಿಟಿಂಗ್‌ಗೆ ಕೂರುವ ಹುಡುಗರಿಗೆ,



ನಿಮ್ಮಲ್ಲಿ ಬಹಳಷ್ಟು ಮಂದಿಗೆ ನನ್ನ ಪರಿಚಯವಿದೆ. ಕಂಪ್ಯೂಟರ್ ಆನ್ ಆಗದಿದ್ದಾಗ, ಹಾರ್ಡ್‌ಡಿಸ್ಕ್ ಟಕ್ ಟಕ್ ಅನ್ನತೊಡಗಿದಾಗ ನೆನಪಾಗುವವನು ನಾನು. ಮದುವೆ ಸೀಸನ್ ಮುಗಿಯುವ ಹೊತ್ತಿಗೆ ಸತ್ತ ಡಿಸ್ಕ್‌ಗಳು ಬ್ಯಾಗಿನಲ್ಲಿ ಟವೆಲ್ ಸುತ್ತಿಕೊಂಡು ಬರತೊಡಗುತ್ತವೆ. ಆ ಕೆಲಸ ಕಡಿಮೆಯಾಗಲಿ ಎಂದೇ ಈ ಪತ್ರ ಬರೆಯುತ್ತಿದ್ದೇನೆ. ಹೊಟ್ಟೆಪಾಡಿಗೆ ನನಗೆ ಪ್ರಿಂಟರ್ ರಿಪೇರಿ ಸಾಕು.

ಎಲ್ಲರದೂ ಒಂದೇ ಪ್ರಶ್ನೆ: "ಸಾಯದೇ ಇರೋ ಡಿಸ್ಕ್ ಯಾವ ಕಂಪನೀದು, ಹೇಳಣ್ಣ." ಅಂಥ ಕಂಪನಿ ಇನ್ನೂ ಹುಟ್ಟಿಲ್ಲ. ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕಂಪನಿ ಊರವರ ಡೇಟಾ ಕಾಪಾಡಿಕೊಡುವುದನ್ನೇ ವ್ಯಾಪಾರ ಮಾಡಿಕೊಂಡಿದೆ. ತನ್ನಲ್ಲಿರುವ ಲಕ್ಷಾಂತರ ಡಿಸ್ಕ್‌ಗಳಲ್ಲಿ ಯಾವ ಮಾಡೆಲ್ ಎಷ್ಟು ಸತ್ತವು ಎಂಬ ಲೆಕ್ಕವನ್ನು ಹತ್ತು ವರ್ಷಕ್ಕೂ ಮೇಲಿನಿಂದ ಪ್ರಕಟಿಸುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ಸಾಯುವ ಪ್ರಮಾಣ ವರ್ಷಕ್ಕೆ ನೂರಕ್ಕೆ ಒಂದೂವರೆಯ ಆಸುಪಾಸು. ಕಡಿಮೆ ಅನ್ನಿಸುತ್ತದೆ, ಅಲ್ಲವೆ? ನಿಮ್ಮ ಬೀರುವಿನಲ್ಲಿ 20 ಡಿಸ್ಕ್ ಇದ್ದರೆ ಈ ವರ್ಷ ಒಂದಾದರೂ ಹೋಗುವ ಸಂಭವ ನಾಲ್ಕಕ್ಕೆ ಒಂದು. ಅದೂ ತಣ್ಣಗಿನ, ದೂಳಿಲ್ಲದ ಕೋಣೆಯಲ್ಲಿ ಅಲುಗಾಡದೆ ಕೂತ ಡಿಸ್ಕ್‌ಗಳ ಲೆಕ್ಕ. ನಿಮ್ಮವು ಸ್ಕೂಟರ್ ಡಿಕ್ಕಿಯಲ್ಲಿ ಛತ್ರದಿಂದ ಛತ್ರಕ್ಕೆ ಸುತ್ತಿ, ಎಡಿಟಿಂಗ್‌ಗೆಂದು ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬಂದಂಥವು.

ಹಾಗಾಗಿ ಯಾವ ಡಿಸ್ಕ್ ಎನ್ನುವುದಕ್ಕಿಂತ ಮೊದಲು, ಅದು ಸತ್ತ ದಿನ ಅದರಲ್ಲಿದ್ದ ಮದುವೆ ಇನ್ನೆಲ್ಲಿದೆ ಎಂದು ಕೇಳಿಕೊಳ್ಳಿ. ನಿಮ್ಮಲ್ಲಿ ಹೆಚ್ಚಿನವರ ಉತ್ತರ ನನಗೆ ಗೊತ್ತು: ಎಲ್ಲೂ ಇಲ್ಲ.

ಇದು ನಿಮ್ಮ ಸೋಮಾರಿತನದಿಂದ ಆದದ್ದು ಎನ್ನಲಾರೆ. ಸರಕು ಬೆಳೆದ ರೀತಿಯೇ ಹಾಗಿದೆ. ನಿಮ್ಮ ತಂದೆಯವರ ಕಾಲದಲ್ಲಿ ಒಂದು ಮದುವೆ ಎಂದರೆ ಕೆಲವು ರೋಲ್ ನೆಗೆಟಿವ್, ಒಂದೆರಡು ವಿ.ಎಚ್.ಎಸ್. ಕ್ಯಾಸೆಟ್. ಆಮೇಲೆ ಮಿನಿ ಡಿವಿ ಬಂತು, ಆಮೇಲೆ 4.7 ಜಿಬಿಯ ಡಿವಿಡಿ. ಈಗ ಲೆಕ್ಕ ಹಾಕಿ ನೋಡಿ. ಸಂಜೆ ಆರತಕ್ಷತೆ, ಬೆಳಗ್ಗೆ ಮುಹೂರ್ತ. ಎರಡು ಸ್ಟಿಲ್ ಕ್ಯಾಮೆರಾ ಸೇರಿ 4,000 ಫೋಟೋ. ರಾ ಫೈಲ್ ಒಂದಕ್ಕೆ 30 ಎಂಬಿ ಎಂದುಕೊಂಡರೆ 120 ಜಿಬಿ. 4ಕೆ ವಿಡಿಯೋ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಗಂಟೆಗೆ 45 ಜಿಬಿ ತಿನ್ನುತ್ತದೆ. ಎರಡು ಕ್ಯಾಮೆರಾ ಆರಾರು ಗಂಟೆ ಓಡಿದರೆ 540 ಜಿಬಿ. ಅಲ್ಲಿಗೆ ಒಂದು ಮದುವೆಗೆ 660 ಜಿಬಿ. ಡ್ರೋನ್, ಪ್ರೀ ವೆಡ್ಡಿಂಗ್, ಚಪ್ಪರದ ಶಾಸ್ತ್ರ ಬಿಟ್ಟು. ವರ್ಷಕ್ಕೆ 40 ಮದುವೆ ಒಪ್ಪಿಕೊಳ್ಳುವ ಸ್ಟುಡಿಯೋದಲ್ಲಿ 26 ಟೆರಾಬೈಟ್ ಸೇರುತ್ತದೆ. ಮುಂದಿನ ವರ್ಷ ಇನ್ನೊಂದು 26. ಅಷ್ಟರಲ್ಲಿ ಯಾರೋ 8ಕೆ ಕ್ಯಾಮೆರಾ ತಂದಿರುತ್ತಾರೆ, ಗಿರಾಕಿ ಅದನ್ನೇ ಕೇಳತೊಡಗುತ್ತಾರೆ.

"ಇಷ್ಟೊಂದನ್ನ ಎರಡೆರಡು ಕಡೆ ಇಡೋಕಾಗುತ್ತಾ?" ಎಂದು ನೀವು ಕೈಚೆಲ್ಲುತ್ತೀರಿ. ಇದೇ ಮಾತನ್ನು ಒಂದು ಸರ್ಕಾರವೂ ಆಡಿತ್ತು. ದಕ್ಷಿಣ ಕೊರಿಯಾದ ಡೇಜಿಯಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ 2025ರ ಸೆಪ್ಟೆಂಬರ್ 26ರಂದು ಲಿಥಿಯಂ ಬ್ಯಾಟರಿಗೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತಗಳನ್ನು ಇಟ್ಟುಕೊಳ್ಳುತ್ತಿದ್ದ ಜಿ-ಡ್ರೈವ್ ಎಂಬ ವ್ಯವಸ್ಥೆ ಪೂರ್ತಿ ಸುಟ್ಟುಹೋಯಿತು. ಒಟ್ಟು 858 ಟೆರಾಬೈಟ್. ಬೇರೆ ಕಡೆ ಪ್ರತಿ ಇರಲಿಲ್ಲ. ಡೇಟಾ ತೀರಾ ದೊಡ್ಡದು, ಹಾಗಾಗಿ ಹೊರಗೆ ಬ್ಯಾಕಪ್ ಇಡಲಾಗಲಿಲ್ಲ ಎಂಬುದು ಅಧಿಕಾರಿಗಳು ಕೊಟ್ಟ ಕಾರಣ. 858 ಎಂದರೆ ದೊಡ್ಡ ಸಂಖ್ಯೆ ಅಂದುಕೊಳ್ಳಬೇಡಿ. ವರ್ಷಕ್ಕೆ 26 ಟೆರಾಬೈಟ್ ಸೇರಿಸುವ 33 ಸ್ಟುಡಿಯೋಗಳ ಒಂದು ವರ್ಷದ ಸರಕು ಅದು. ನಮ್ಮ ನಾಲ್ಕು ಊರಿನ ಸ್ಟುಡಿಯೋ ಬೋರ್ಡುಗಳನ್ನು ಎಣಿಸಿಕೊಂಡು ಬನ್ನಿ.

ದೊಡ್ಡದಾಯಿತು ಎಂದು ಎಲ್ಲವನ್ನೂ ಕೈಬಿಡುವ ಬದಲು ಮೊದಲು ವಿಂಗಡಿಸಬೇಕು. ಶಿಡ್ಲಘಟ್ಟದವರಿಗೆ ನಾನು ಹೇಳಿಕೊಡಬೇಕಿಲ್ಲ. ರೇಷ್ಮೆಗೂಡು ತಂದ ರೀಲರ್ ಡಬಲ್ ಗೂಡು, ಕಲೆ ಬಿದ್ದ ಗೂಡು ಬೇರೆ ಮಾಡದೆ ಬಿಸಿನೀರಿಗೆ ಹಾಕುತ್ತಾನೆಯೆ? ನೀವು ಮಾತ್ರ ಕಾರ್ಡಿನಲ್ಲಿದ್ದದ್ದನ್ನೆಲ್ಲ ಒಂದೇ ಫೋಲ್ಡರಿಗೆ ಸುರಿದು, ಅದಕ್ಕೆ 'ನ್ಯೂ ಫೋಲ್ಡರ್ 3' ಎಂದು ಹೆಸರಿಟ್ಟು ಮಲಗುತ್ತೀರಿ.

ಏನನ್ನು ಉಳಿಸಬೇಕು ಎಂಬ ಬಗ್ಗೆ ನನ್ನ ಅಭಿಪ್ರಾಯ ನಿಮ್ಮ ರೂಢಿಗೆ ವಿರುದ್ಧವಾಗಿದೆ. ಆಲ್ಬಂ ಕೊಟ್ಟ ಮೇಲೆ ಎಷ್ಟೋ ಮಂದಿ ಆಯ್ಕೆಯಾಗದ ಫೋಟೋ ಅಳಿಸುತ್ತೀರಿ, ವಿಡಿಯೋದ ಕಚ್ಚಾ ಸರಕನ್ನು 'ಎಡಿಟಿಂಗ್ ಬಾಕಿ' ಎಂದು ವರ್ಷಗಟ್ಟಲೆ ಇಟ್ಟುಕೊಳ್ಳುತ್ತೀರಿ. ಇದು ತಿರುಗುಮುರುಗಾಗಬೇಕು. ಮದುವೆಯಾಗಿ ಆರು ವರ್ಷಕ್ಕೆ ನಿಮ್ಮ ಅಂಗಡಿ ಮೆಟ್ಟಿಲು ಹತ್ತುವವರು ಏನು ಕೇಳಿಕೊಂಡು ಬರುತ್ತಾರೆ ನೆನಪು ಮಾಡಿಕೊಳ್ಳಿ. ಮದುಮಕ್ಕಳ ಫೋಟೋ ಅವರ ಮನೆ ಗೋಡೆ ಮೇಲೇ ಇದೆ. ಅವರಿಗೆ ಬೇಕಾದದ್ದು ಮೊನ್ನೆ ತೀರಿಕೊಂಡ ಅಜ್ಜನ ಒಂದು ಒಳ್ಳೆಯ ಫೋಟೋ. ಹನ್ನೊಂದರ ದಿನಕ್ಕೆ ಫ್ರೇಮ್ ಹಾಕಿಸಬೇಕು, ಊರ ಬಾಗಿಲಲ್ಲಿ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಬೇಕು. ಆ ಅಜ್ಜ ರುಮಾಲು ಸುತ್ತಿ, ಶುಭ್ರ ಪಂಚೆ ಉಟ್ಟು ಒಳ್ಳೆಯ ಕ್ಯಾಮೆರಾದ ಮುಂದೆ ಕೂತದ್ದು ಮೊಮ್ಮಗಳ ಮದುವೆಯಲ್ಲಿ ಮಾತ್ರ. ಆಲ್ಬಮ್ಮಿನ 400 ಫೋಟೋದಲ್ಲಿ ಅವನಿಲ್ಲ, ಅಥವಾ ಗುಂಪಿನಲ್ಲಿ ಕಣ್ಣು ಮುಚ್ಚಿದ್ದಾನೆ. ಆಯ್ಕೆಯಾಗದ 3,600ರಲ್ಲಿ ಖಂಡಿತ ಇದ್ದಾನೆ, ಊಟದ ಪಂಕ್ತಿಯಲ್ಲೋ ಮಂಟಪದ ಪಕ್ಕದ ಕುರ್ಚಿಯಲ್ಲೋ. ನೀವು ಅಳಿಸಿದ್ದು ಅವನನ್ನು.

ಆದ್ದರಿಂದ ಫೋಟೋ ಎಲ್ಲವನ್ನೂ ಇಡಿ, ರಾ ಸಮೇತ. ಮದುವೆಗೆ 120 ಜಿಬಿ, ವರ್ಷಕ್ಕೆ 4.8 ಟೆರಾಬೈಟ್. ವಿಡಿಯೋದಲ್ಲಿ ಮಿಕ್ಸಿಂಗ್ ಆದ ಪೂರ್ತಿ ಫಿಲಂ ಇಡಿ, 20 ಜಿಬಿ ಸಾಕು. ಕಚ್ಚಾ ವಿಡಿಯೋಗೆ ಒಂದು ಗಡುವು ಹಾಕಿ: ಫಿಲಂ ಒಪ್ಪಿಸಿ ಆರು ತಿಂಗಳು, ಬೇಕಿದ್ದರೆ ಒಂದು ವರ್ಷ. ಆಮೇಲೆ ಅಳಿಸಿ. ಮನೆಯವರಿಗೆ ಅದು ಬೇಕೆಂದರೆ ಅವರೇ ಒಂದು ಡಿಸ್ಕ್ ತಂದುಕೊಡಲಿ, ತುಂಬಿಸಿ ಕೊಡಿ. ಹೀಗೆ ಮಾಡಿದರೆ ಶಾಶ್ವತವಾಗಿ ಕಾಯಬೇಕಾದದ್ದು 26ರಿಂದ 5.6 ಟೆರಾಬೈಟಿಗೆ ಇಳಿಯುತ್ತದೆ. ಈಗ ಯಾವ ವ್ಯವಸ್ಥೆ ಎಂದು ಮಾತಾಡಬಹುದು.

ಅಂಗಡಿಯವರು ಮೊದಲು ತೋರಿಸುವುದು ನಾಲ್ಕು ಡಿಸ್ಕ್ ಹಿಡಿಯುವ ನಾಸ್ ಪೆಟ್ಟಿಗೆ. ಸಿನಾಲಜಿ, ಕ್ಯುನ್ಯಾಪ್ ಮುಂತಾದವು. ಒಳಗೆ ರೇಯ್ಡ್ ಇರುತ್ತದೆ. ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲುವುದಿಲ್ಲ. ಇಬ್ಬರು ಮೂವರು ಎಡಿಟರುಗಳು ಕೂರುವ ಸ್ಟುಡಿಯೋಗೆ ಒಳ್ಳೆಯ ಉಪಕರಣ, ಬೇಡ ಎನ್ನುವುದಿಲ್ಲ. ಆದರೆ ಅದನ್ನು ಬ್ಯಾಕಪ್ ಎಂದು ಹೇಳಿ ಮಾರಿದವನ ಮಾತು ನಂಬಬೇಡಿ. ಹುಡುಗ ತಪ್ಪಿ ಫೋಲ್ಡರ್ ಅಳಿಸಿದರೆ ನಾಲ್ಕೂ ಡಿಸ್ಕ್‌ನಿಂದ ಒಟ್ಟಿಗೇ ಹೋಗುತ್ತದೆ. ಮೊದಲ ಮುಂಗಾರು ಸಿಡಿಲು ವೈರಿನಲ್ಲಿ ಬಂದರೆ ನಾಲ್ಕೂ ಒಟ್ಟಿಗೇ ಸುಡುತ್ತವೆ. ಕಳ್ಳ ಬಂದರೆ ಪೆಟ್ಟಿಗೆಯನ್ನೇ ಎತ್ತುತ್ತಾನೆ, ಒಂದೊಂದೇ ಡಿಸ್ಕ್ ಬಿಚ್ಚುತ್ತ ಕೂರುವುದಿಲ್ಲ. ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದರೆ ಇನ್ನೊಂದು ಅಪಾಯ: 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಸಾವಿರಾರು ಕ್ಯುನ್ಯಾಪ್ ಪೆಟ್ಟಿಗೆಗಳ ಫೈಲುಗಳಿಗೆ ಬೀಗ ಜಡಿದು ಬಿಟ್‌ಕಾಯಿನ್ ಕೇಳಿತು. ಆ ಜಾತಿಯ ವೈರಸ್ ನಿಮ್ಮಲ್ಲಿಗೆ ಬರುವ ದಾರಿ ಬಹುಪಾಲು ಕ್ರ್ಯಾಕ್ ಮಾಡಿದ ಎಡಿಟಿಂಗ್ ಸಾಫ್ಟ್‌ವೇರು. ಯಾರ ಹೆಸರೂ ಹೇಳುವುದಿಲ್ಲ, ನಗಬೇಡಿ.

ಕ್ಲೌಡ್? ಹುಡುಗರು ಹೇಳುವಷ್ಟು ಸುಲಭವಲ್ಲ. 2 ಟೆರಾಬೈಟಿನ ಪ್ಲಾನ್ ತೆಗೆದುಕೊಂಡರೆ ಕಚ್ಚಾ ಸರಕಿನ ಮೂರು ಮದುವೆಗೆ ತುಂಬಿಹೋಯಿತು. 660 ಜಿಬಿ ಏರಿಸಲು, ಫೈಬರ್ ಲೈನಿನಲ್ಲಿ ಸೆಕೆಂಡಿಗೆ 5 ಎಂಬಿ ನಿಜವಾಗಿ ಹೋದರೂ, ಒಂದೂವರೆ ದಿನ. ಮಧ್ಯೆ ಕರೆಂಟ್ ಹೋಗುವುದನ್ನು ಬೆಸ್ಕಾಂಗೆ ಬಿಟ್ಟಿದ್ದೇನೆ. ಬಾಡಿಗೆ ಕಟ್ಟುವುದು ನಿಂತರೆ ಸರಕು ಉಳಿಯುವ ಖಾತ್ರಿಯಿಲ್ಲ. ಮತ್ತೆ, ಕಂಪ್ಯೂಟರಿನ ಫೋಲ್ಡರಿಗೆ ಸಿಂಕ್ ಮಾಡಿಟ್ಟಿದ್ದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವ್ ಕಸದಬುಟ್ಟಿಯಲ್ಲಿ 30 ದಿನ ಇಟ್ಟುಕೊಂಡು ಆಮೇಲೆ ಬಿಸಾಡುತ್ತದೆ. ಒಂದು ಕೆಲಸಕ್ಕೆ ಮಾತ್ರ ಕ್ಲೌಡ್ ನಿಜಕ್ಕೂ ಒಳ್ಳೆಯದು: ಆಲ್ಬಮ್ಮಿಗೆ ಆಯ್ಕೆಯಾದ ಜೆಪೆಗ್‌ಗಳು ಮತ್ತು ಮುಗಿದ ಫಿಲಂ. ಮದುವೆಗೆ 25 ಜಿಬಿ, ರಾತ್ರಿ ಹಾಕಿ ಮಲಗಿದರೆ ಬೆಳಗ್ಗೆಗೆ ಹೋಗಿರುತ್ತದೆ. ವರ್ಷಕ್ಕೆ 1 ಟೆರಾಬೈಟ್. ಉಳಿದೆಲ್ಲ ಹೋದರೂ ಗಿರಾಕಿಯ ಮುಖ ನೋಡಬಹುದಾದಷ್ಟು ಉಳಿಯುತ್ತದೆ.

ಎಸ್‌ಎಸ್‌ಡಿ ಎಡಿಟಿಂಗ್‌ಗೆ ಸರಿ, ಬೀರುವಿಗೆ ಬೇಡ. ಕರೆಂಟ್ ಕಾಣದೆ ವರ್ಷಗಟ್ಟಲೆ ಬಿದ್ದಿದ್ದರೆ, ಅದರಲ್ಲೂ ಬಳಸಿ ಸವೆದಿದ್ದರೆ, ಬರೆದದ್ದು ನಿಧಾನಕ್ಕೆ ಸೋರಿಹೋಗುತ್ತದೆ.

ಟೇಪ್ ವಿಷಯ ಕೇಳಿ ಕೆಲವರು ನಕ್ಕರು, ಕ್ಯಾಸೆಟ್ ಕಾಲ ಮುಗಿದಿದೆ ಎಂದು. ಮುಗಿದಿಲ್ಲ. ಬ್ಯಾಂಕುಗಳು, ಸಂಶೋಧನಾ ಸಂಸ್ಥೆಗಳು, ಸಿನಿಮಾ ಸಂಸ್ಥೆಗಳು ಇವತ್ತಿಗೂ ಹಳೆಯ ಡೇಟಾವನ್ನು ಎಲ್‌ಟಿಒ ಎಂಬ ಟೇಪಿನಲ್ಲೇ ಇಡುತ್ತವೆ. 2000ನೇ ಇಸವಿಯಲ್ಲಿ ಮೊದಲ ಪೀಳಿಗೆ ಬಂದಾಗ ಒಂದು ಟೇಪಿಗೆ 100 ಜಿಬಿ. 2021ರ ಒಂಬತ್ತನೇ ಪೀಳಿಗೆಯಲ್ಲಿ 18 ಟೆರಾಬೈಟ್. ಡಬ್ಬದ ಮೇಲೆ 45 ಎಂದು ಬರೆದಿರುತ್ತದೆ, ಅದನ್ನು ನಂಬಬೇಡಿ. ವಿಡಿಯೋವನ್ನು ಇನ್ನೂ ಹಿಂಡಲು ಬರುವುದಿಲ್ಲ. ತಂಪಾಗಿ, ಒಣಗಿದ ಜಾಗದಲ್ಲಿ ಇಟ್ಟರೆ ತಯಾರಕರು 30 ವರ್ಷದ ಆಯುಷ್ಯ ಹೇಳುತ್ತಾರೆ. ಕಪಾಟಿನಲ್ಲಿ ಕೂತ ಟೇಪಿಗೆ ವೈರಸ್ ಹತ್ತುವುದಿಲ್ಲ. ತೊಡಕು ಓದುವ ಯಂತ್ರದ್ದು. ಅದರ ಬೆಲೆ ಲಕ್ಷಗಳಲ್ಲಿದೆ, ಮತ್ತು ಒಂಬತ್ತನೆಯ ಯಂತ್ರ ಎಂಟನೆಯ ಟೇಪ್ ಓದುತ್ತದೆ, ಏಳನೆಯದನ್ನು ಓದುವುದಿಲ್ಲ. ಅಂದರೆ ಪೀಳಿಗೆ ಬದಲಾದಂತೆ ಹಳೆಯದನ್ನು ಹೊಸದಕ್ಕೆ ದಾಟಿಸುತ್ತಲೇ ಇರಬೇಕು. ಒಬ್ಬ ಸ್ಟುಡಿಯೋ ಮಾಲೀಕನಿಗೆ ಇದು ಆಗದ ಮಾತು. ನಾಲ್ಕು ತಾಲ್ಲೂಕಿನವರು ಕೂಡಿ ಒಂದು ಯಂತ್ರ ಕೊಳ್ಳಬಹುದು. ಅದನ್ನು ಯಾರ ಅಂಗಡಿಯಲ್ಲಿ ಇಡಬೇಕು ಎಂಬ ಜಗಳ ತೀರುವ ಹೊತ್ತಿಗೆ ಹತ್ತನೇ ಪೀಳಿಗೆ ಹಳೆಯದಾಗಿರುತ್ತದೆ ಎಂಬ ಅನುಮಾನವೂ ನನಗಿದೆ.

ಹಾಗಾಗಿ ಸದ್ಯಕ್ಕೆ ಉಳಿಯುವುದು ಸಾದಾ ಹಾರ್ಡ್‌ಡಿಸ್ಕ್. 8 ಟೆರಾಬೈಟಿನದು ವರ್ಷಕ್ಕೆ ಒಂದು ಸಾಲುತ್ತದೆ, ಆದರೆ ಮೂರು ಕೊಳ್ಳಿ, ಮೂರರಲ್ಲೂ ಅದೇ ಸರಕು. ಒಂದೇ ದಿನ ಒಂದೇ ಅಂಗಡಿಯಿಂದ ಒಂದೇ ಮಾಡೆಲ್ ಬೇಡ. ಒಂದೇ ಲಾಟಿನಲ್ಲಿ ದೋಷವಿದ್ದರೆ ಮೂರೂ ಜೊತೆಗೇ ಹೋಗುತ್ತವೆ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಊರಾಚೆ: ಈ 3-2-1 ಸೂತ್ರವನ್ನು ಈಗ ಬ್ಯಾಂಕು ಆಸ್ಪತ್ರೆಗಳ ಕಂಪ್ಯೂಟರ್ ವಿಭಾಗದವರೂ ಹೇಳುತ್ತಾರೆ. ಅದನ್ನು ಪ್ರಚಾರಕ್ಕೆ ತಂದವನು ಎಂಜಿನಿಯರ್ ಅಲ್ಲ, ನಿಮ್ಮ ಕುಲದವನೇ: ಪೀಟರ್ ಕ್ರೋ ಎಂಬ ಅಮೆರಿಕದ ಫೋಟೋಗ್ರಾಫರ್, ಡಿಜಿಟಲ್ ಫೋಟೋಗಳನ್ನು ಕಾಪಾಡುವ ಬಗ್ಗೆ ಬರೆದ ಪುಸ್ತಕದಲ್ಲಿ. ಮೊದಲ ಪ್ರತಿ ಛತ್ರದಲ್ಲೇ ಶುರುವಾಗಬೇಕು. ಎರಡು ಕಾರ್ಡ್ ಹಿಡಿಯುವ ಕ್ಯಾಮೆರಾ ಇದ್ದೂ ಎರಡನೆಯದನ್ನು ಖಾಲಿ ಬಿಟ್ಟವರನ್ನು ನೋಡಿದ್ದೇನೆ. ಎರಡು ಡಿಸ್ಕ್‌ಗೆ ಇಳಿಸುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ, ಮರುದಿನ ಇನ್ನೊಂದು ಮದುವೆ ಇದ್ದರೂ ಸರಿ. ಕಾರ್ಡ್ ಇನ್ನೆರಡು ಕೊಳ್ಳಿ. ಕಾಪಿ ಮಾಡುವಾಗ ಟೆರಾಕಾಪಿಯಂಥ ಸಾಫ್ಟ್‌ವೇರಿನಲ್ಲಿ ವೆರಿಫೈ ಆನ್ ಮಾಡಿ. ಹೊತ್ತು ಹೆಚ್ಚು ಹಿಡಿಯುತ್ತದೆ. ಆದರೆ ಬರೆದದ್ದನ್ನು ಮತ್ತೆ ಓದಿ, ಮೂಲದೊಡನೆ ತಾಳೆ ನೋಡಿ ಮುಗಿಸುತ್ತದೆ. ಬೀರುವಿನ ಡಿಸ್ಕ್ ಕಾಪಿ ಆದ ಕೂಡಲೇ ಕೇಬಲ್ ಕಳಚಿ. ಸದಾ ಸಿಕ್ಕಿಸಿಕೊಂಡೇ ಇರುವ ಡಿಸ್ಕ್ ಕಂಪ್ಯೂಟರಿಗೆ ಬಂದ ರೋಗಕ್ಕೆಲ್ಲ ಪಾಲುದಾರ.

ಊರಾಚೆಯ ಪ್ರತಿಯ ಬಗ್ಗೆಯೇ ನನಗೆ ನಿಮ್ಮೊಡನೆ ಹೆಚ್ಚು ಮಾತಿರುವುದು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು. ಜನ ಮುಗಿಬಿದ್ದು ನೋಡಿದರು. ಇವತ್ತು ಅದರ ಒಂದು ಪ್ರಿಂಟೂ ಉಳಿದಿಲ್ಲ. ಅದೇ ನಮ್ಮ ಸೀಮೆಯ ಶಾಸನಗಳ ಕಥೆ ಬೇರೆ, ನೋಡಿ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ, ಕೋಲಾರ ಜಿಲ್ಲೆಯದು, 1905ರಲ್ಲಿ ಅಚ್ಚಾಯಿತು. ಆಗ ನಮ್ಮ ನಾಲ್ಕೂ ತಾಲ್ಲೂಕು ಕೋಲಾರಕ್ಕೆ ಸೇರಿದ್ದವು. ಹೊಲದ ಬದುವಿನಲ್ಲಿ, ಕೆರೆ ಏರಿಯಲ್ಲಿ, ದೇವಸ್ಥಾನದ ಗೋಡೆಯಲ್ಲಿ ಇದ್ದದ್ದನ್ನೆಲ್ಲ ತಾಲ್ಲೂಕುವಾರು ಪಡಿಯಚ್ಚು ತೆಗೆದು, ಓದಿ, ಅಚ್ಚು ಹಾಕಿಸಿದರು. ಮೂಲ ಕಲ್ಲು ರಸ್ತೆಗೋ ಪಾಯಕ್ಕೋ ಹೋದರೂ ಅದರ ಪಾಠ ಮೈಸೂರಿನಲ್ಲಿದೆ, ಲಂಡನ್ನಿನಲ್ಲಿದೆ, ಈಗ ಸ್ಕ್ಯಾನ್ ಆಗಿ ಯಾರ ಫೋನಿನಲ್ಲಿ ಬೇಕಾದರೂ ಇದೆ. ಸಾವಿರ ವರ್ಷ ಬಾಳುವ ಕಲ್ಲಿಗಿಂತ ಕಾಗದ ಗಟ್ಟಿಯೆಂದಲ್ಲ, ಅದು ಹತ್ತು ಕಡೆ ಇತ್ತು.

ನಿಮ್ಮ ಎರಡನೇ ಪ್ರತಿ ಎಲ್ಲಿದೆ? ಸ್ಟುಡಿಯೋ ಮೇಲಿನ ಮಹಡಿಯ ಮನೆಯಲ್ಲಿ. 2021ರ ನವೆಂಬರಿನ ಮಳೆ ಮರೆತಿಲ್ಲ ತಾನೆ? ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಬಿದ್ದು ರಸ್ತೆ, ಮನೆಗಳಿಗೆ ನೀರು ನುಗ್ಗಿತು. ಅದರ ಮರುತಿಂಗಳೇ ನಮ್ಮ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭೂಮಿ ಅದುರಿ ಜನ ಮನೆಯಿಂದ ಹೊರಗೆ ಓಡಿ ಬಂದರು. ಮೇಲಿನ ಮಹಡಿ ದೂರದ ಜಾಗವಾಗುವುದಿಲ್ಲ.

ಇದಕ್ಕೆ ದುಡ್ಡು ಖರ್ಚಿಲ್ಲದ ಉಪಾಯವೊಂದಿದೆ. ಚಿಕ್ಕಬಳ್ಳಾಪುರದ ಸ್ಟುಡಿಯೋದವರು ಗೌರಿಬಿದನೂರಿನ ಒಬ್ಬರನ್ನು ಜೋಡಿ ಮಾಡಿಕೊಳ್ಳಿ, ಶಿಡ್ಲಘಟ್ಟದವರು ಚಿಂತಾಮಣಿಯವರನ್ನು. ಮೂರನೇ ಡಿಸ್ಕ್ ಅವರ ಬೀರುವಿನಲ್ಲಿ ಇರಲಿ, ಅವರದು ನಿಮ್ಮಲ್ಲಿ. ಒಂದೇ ಬೀದಿಯ ಇಬ್ಬರು ಸ್ಟುಡಿಯೋದವರು ಡಿಸ್ಕ್ ಬದಲಾಯಿಸಿಕೊಳ್ಳುವುದು ಈ ಜನ್ಮದಲ್ಲಿ ಆಗದು, ನನಗೂ ಗೊತ್ತು. ಬೇರೆ ಊರಿನವರ ಜೊತೆ ಗಿರಾಕಿಯ ಪೈಪೋಟಿ ಅಷ್ಟಿರುವುದಿಲ್ಲ. ಆದರೂ ಡಿಸ್ಕ್‌ಗೆ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿಯೇ ಕೊಡಿ. ವಿಂಡೋಸ್ ಪ್ರೊದಲ್ಲಿ ಬಿಟ್‌ಲಾಕರ್ ಇದೆ, ಇಲ್ಲದವರಿಗೆ ವೆರಾಕ್ರಿಪ್ಟ್ ಪುಕ್ಕಟೆ ಸಿಗುತ್ತದೆ. ಅದು ಗೆಳೆಯನ ಮೇಲಿನ ಅನುಮಾನದಿಂದಲ್ಲ. ಅದರಲ್ಲಿರುವುದು ಇನ್ನೊಬ್ಬರ ಮನೆ ಹೆಣ್ಣುಮಕ್ಕಳ ಫೋಟೋ, ದಾರಿಯಲ್ಲಿ ಬಿದ್ದುಹೋದರೂ ಯಾರೂ ತೆರೆಯುವಂತಿರಬಾರದು. ಪಾಸ್‌ವರ್ಡನ್ನು ಮನೆಯಲ್ಲಿ ಕಾಗದದ ಮೇಲೆ ಬರೆದಿಡಿ. ಅದನ್ನು ಮರೆತರೆ ನನ್ನಿಂದಲೂ ತೆಗೆಯಲಾಗದು, ಯಾರಿಂದಲೂ ಆಗದು.

ವರ್ಷಕ್ಕೊಮ್ಮೆ ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿ 2017ರ ಜನವರಿ 31ರಂದು ಒಬ್ಬ ಎಂಜಿನಿಯರ್ ದಣಿದ ಕೈಯಲ್ಲಿ ತಪ್ಪು ಸರ್ವರಿನ ಡೇಟಾ ಅಳಿಸಿದ. ಬ್ಯಾಕಪ್ಪಿಗೆಂದು ಐದು ಬಗೆಯ ಏರ್ಪಾಡುಗಳಿದ್ದವು. ನೋಡಿದರೆ ಒಂದೂ ನೆಟ್ಟಗೆ ನಡೆಯುತ್ತಿರಲಿಲ್ಲ. ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ಪ್ರತಿಯಿಂದ ಬಚಾವಾದರು. ನಿಮಗಂತೂ ದೇವರೇ ಆಷಾಢ ಕೊಟ್ಟಿದ್ದಾನೆ. ಮದುವೆಯಿಲ್ಲದ ಆ ತಿಂಗಳಲ್ಲಿ ಪ್ರತಿ ಡಿಸ್ಕ್ ಸಿಕ್ಕಿಸಿ, ಒಂದೆರಡು ಮದುವೆಯ ಫೋಲ್ಡರನ್ನು ಬೇರೆ ಕಂಪ್ಯೂಟರಿಗೆ ಇಳಿಸಿ, ಫೋಟೋ ತೆರೆದು, ಫಿಲಂ ಕೊನೆತನಕ ಓಡಿಸಿ ನೋಡಿ. ಐದು ವರ್ಷ ದಾಟಿದ ಡಿಸ್ಕಿನ ಸರಕನ್ನು ಹೊಸದಕ್ಕೆ ದಾಟಿಸಿ. ಜೋಡಿ ಊರಿನವರ ಡಿಸ್ಕ್ ಅದಲುಬದಲಾಗುವುದೂ ಆಗಲೇ ಆಗಲಿ.

ದುಡ್ಡಿನ ಮಾತು. ಮೂರು ಡಿಸ್ಕಿನ ಖರ್ಚನ್ನು 40 ಮದುವೆಗೆ ಹಂಚಿದರೆ, ನಾನು ಈಚೆಗೆ ಕೊಡಿಸಿದ ಬೆಲೆಗಳಲ್ಲಿ, ಮದುವೆಗೆ ಸಾವಿರದಿಂದ ಸಾವಿರದೈನೂರು ರೂಪಾಯಿ ಬೀಳುತ್ತದೆ. ಕರಿಜ್ಮಾ ಆಲ್ಬಮ್ಮಿನ ಎರಡು ಮೂರು ಹಾಳೆಯ ದುಡ್ಡು. ಇದನ್ನು ಕೈಯಿಂದ ಹಾಕಬೇಡಿ, ಕೊಟೇಷನ್ನಿನಲ್ಲಿ ಒಂದು ಸಾಲಾಗಿ ಬರೆಯಿರಿ, ಜೊತೆಗೆ ನಿಮ್ಮ ಗಡುವನ್ನೂ: ಫೋಟೋ ಹತ್ತು ವರ್ಷ ಇಡುತ್ತೇವೆ, ಕಚ್ಚಾ ವಿಡಿಯೋ ಫಿಲಂ ಒಪ್ಪಿಸಿದ ಆರು ತಿಂಗಳಿಗೆ ಅಳಿಸುತ್ತೇವೆ, ಒಪ್ಪಿಗೆಯಿದ್ದರೆ ಸಹಿ ಮಾಡಿ. ತೆಲುಗು ಮಾತಾಡುವ ಮನೆಯವರಿಗೆ ತೆಲುಗಿನಲ್ಲಿ ಓದಿ ಹೇಳಿ. ಈಗ ಬರೆಯದೆ ಇಟ್ಟಿರುವುದರಿಂದ, ಹುಡುಗಿಯ ತಂದೆ ನೀವು ಎಲ್ಲವನ್ನೂ ಸಾಯುವ ತನಕ ಇಡುತ್ತೀರಿ ಎಂದುಕೊಂಡಿದ್ದಾರೆ, ನೀವು ಆಲ್ಬಂ ಕೊಟ್ಟಲ್ಲಿಗೆ ಮುಗಿಯಿತು ಎಂದುಕೊಂಡಿದ್ದೀರಿ.

ಇಷ್ಟರ ಮೇಲೂ ಡಿಸ್ಕ್ ಟಕ್ ಟಕ್ ಅಂದರೆ ಪ್ಲಗ್ ಕೀಳಿ. ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಯೂಟ್ಯೂಬ್ ನೋಡಿ ಫ್ರಿಜ್ಜಿನಲ್ಲಿ ಇಡಬೇಡಿ, ಸ್ಕ್ರೂ ಬಿಚ್ಚಬೇಡಿ. ಹಾಗೇ ತನ್ನಿ. ಬೆಂಗಳೂರಿನ ಲ್ಯಾಬಿಗೆ ಕಳಿಸಬೇಕಾಗಬಹುದು, ಅವರ ಬಿಲ್ಲು ಹೊಸ ಡಿಸ್ಕಿನ ಬೆಲೆಯ ಎಷ್ಟೋ ಪಟ್ಟು ಬರುತ್ತದೆ.

ನಿಮ್ಮ ಸಂಘಗಳ ಮುಂದಿನ ಸಭೆಯಲ್ಲಿ ಜೋಡಿ ಊರಿನ ವಿಚಾರ ಇಡಿ. ಕರೆದರೆ ಬರುತ್ತೇನೆ, ಎನ್‌ಕ್ರಿಪ್ಟ್ ಮಾಡುವುದನ್ನು ಕೂತು ತೋರಿಸುತ್ತೇನೆ. ಊರಿಗೊಬ್ಬರು ಯಾರ ಡಿಸ್ಕ್ ಯಾರಲ್ಲಿದೆ ಎಂಬ ಪಟ್ಟಿ ಬರೆದಿಟ್ಟುಕೊಳ್ಳಲಿ. ಎಲ್ಲರ ಡಿಸ್ಕನ್ನೂ ನನ್ನ ಅಂಗಡಿಯಲ್ಲೇ ಇಟ್ಟುಬಿಡಿ ಎಂದು ಈಗಾಗಲೇ ಇಬ್ಬರು ಕೇಳಿದ್ದಾರೆ. ಅದು ಬೇಡ. ಡಿಸ್ಕ್ ಮಾರುವವನು, ರಿಪೇರಿ ಮಾಡುವವನು, ಕಾಯುವವನು ಮೂರೂ ಒಬ್ಬನೇ ಆಗಬಾರದು. ಮೇಲಾಗಿ ನನ್ನ ಅಂಗಡಿಯ ಸೂರು ಮಳೆಗೆ ಸೋರುತ್ತದೆ.

ಇಂತಿ,
ಕಳವಾರದ ಕಂಪ್ಯೂಟರ್ ರಿಪೇರಿಯವನು